ನೂರಕ್ಕೆ ಎರಡು ರೂಪಾಯಿಯ ಲೆಕ್ಕ

"ಇಂದು ನಗದು, ನಾಳೆ ಉದ್ರಿ" ಎಂಬ ಫಲಕವನ್ನು ದಿನಸಿ ಅಂಗಡಿಗಳಲ್ಲಿ ಕಾಣದೆ ಬೆಳೆದವರು ನಿಮ್ಮಲ್ಲಿ ವಿರಳ. ಆ ಫಲಕದ ಕೆಳಗೇ ಕುಳಿತು ಅಂಗಡಿಯವರು ಉದ್ರಿ ಬರೆದುಕೊಳ್ಳುತ್ತಿದ್ದುದನ್ನೂ ನೀವು ಬಲ್ಲಿರಿ.

ಇತ್ತೀಚೆಗೆ ಜವಳಿ ಅಂಗಡಿಯಿಟ್ಟಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ತನ್ನ ಅಳಲನ್ನು ತೋಡಿಕೊಂಡ. ಗಿರಾಕಿಯು ಕ್ರೆಡಿಟ್ ಕಾರ್ಡಿನಲ್ಲಿ ಹಣ ಕೊಟ್ಟರೆ ನೂರಕ್ಕೆ ಸುಮಾರು ಎರಡು ರೂಪಾಯಿ ಬ್ಯಾಂಕಿನ ಪಾಲಾಗುತ್ತದೆಯಂತೆ. ರುಪೇ ಡೆಬಿಟ್ ಕಾರ್ಡ್ ಹಾಗೂ ಯುಪಿಐ ಪಾವತಿಗಳ ಮೇಲಿನ ಈ ಶುಲ್ಕವನ್ನು 2020ರ ಜನವರಿಯಲ್ಲಿ ಸರ್ಕಾರ ತೆಗೆದುಹಾಕಿತು. ಕ್ರೆಡಿಟ್ ಕಾರ್ಡಿಗೆ ಆ ವಿನಾಯಿತಿ ದೊರೆಯಲಿಲ್ಲ. "ಹಾಗಿದ್ದರೆ ಬೇಡವೆನ್ನಬಾರದೇನಪ್ಪಾ?" ಎಂದೆ. "ಬೇಡವೆಂದರೆ ಗಿರಾಕಿ ಪಕ್ಕದ ಅಂಗಡಿಗೆ ಹೋಗುತ್ತಾರೆ ಮೇಷ್ಟ್ರೇ" ಎಂದ.

ತರಗತಿಯಲ್ಲಿ ಮಾಡಿದಂತೆಯೇ ಲೆಕ್ಕ ಹಾಕೋಣ. ಸಾವಿರ ರೂಪಾಯಿಯ ಸೀರೆಗೆ ನೂರು ರೂಪಾಯಿ ಲಾಭ. ದಿನಕ್ಕೆ ಹತ್ತು ಸೀರೆ ಮಾರಿದರೆ ಸಾವಿರ. ಎಲ್ಲರೂ ಕಾರ್ಡ್ ಕೊಟ್ಟರೆ ಸೀರೆಯೊಂದಕ್ಕೆ ಎಂಬತ್ತೇ ಉಳಿಯುತ್ತದೆ. ಅಂದರೆ ಲಾಭದ ಐದನೆಯ ಒಂದು ಭಾಗ ಹೋಯಿತು. ಆದರೆ ಕಾರ್ಡಿನ ದೆಸೆಯಿಂದ ಹದಿಮೂರು ಸೀರೆ ಮಾರಾಟವಾದರೆ ಲಾಭ 1,040 ರೂಪಾಯಿ! ಅಮೆರಿಕದಲ್ಲಿ 1950ರಲ್ಲಿ ಡೈನರ್ಸ್ ಕ್ಲಬ್ ಕಾರ್ಡ್ ಆರಂಭವಾದಾಗ ನ್ಯೂಯಾರ್ಕಿನ ಹೋಟೆಲಿನವರು ಬಿಲ್ಲಿನ ಮೇಲೆ ಶೇಕಡಾ 7ರಷ್ಟು ಬಿಟ್ಟುಕೊಡಲು ಒಪ್ಪಿದ್ದೂ ಇದೇ ಆಸೆಯಿಂದ. ಕೈಯಲ್ಲಿ ನೋಟು ಎಣಿಸದವನು ಧಾರಾಳವಾಗಿ ಖರ್ಚು ಮಾಡುತ್ತಾನೆ.

ಇನ್ನೊಂದು ಲಾಭವು ಕಣ್ಣಿಗೆ ಬೀಳುವುದಿಲ್ಲ. ಹಿಂದೆ ಉದ್ರಿ ಕೊಟ್ಟವನೇ ಮನೆಮನೆ ಅಲೆಯಬೇಕಿತ್ತು. ಒಬ್ಬಿಬ್ಬರು ಊರು ಬಿಟ್ಟರೆ ಆ ಹಣ ಮುಳುಗಿದಂತೆಯೇ. ಕಾರ್ಡಿನಲ್ಲಿ ಸಾಲ ಕೊಡುವುದೂ ವಸೂಲು ಮಾಡುವುದೂ ಬ್ಯಾಂಕಿನ ತಲೆನೋವು. ವ್ಯಾಪಾರಿಯ ಖಾತೆಗೆ ಒಂದೆರಡು ದಿನಗಳಲ್ಲೇ ಹಣ ಬರುತ್ತದೆ. ಆದುದರಿಂದ ಆ ಶುಲ್ಕವನ್ನು ನಾನು ಸುಲಿಗೆಯೆಂದು ಕರೆಯಲಾರೆ.

ನನ್ನ ಆಕ್ಷೇಪವಿರುವುದು ಬೇರೆಡೆ. ವ್ಯಾಪಾರಿಯೇನು ಆ ಎರಡು ರೂಪಾಯಿಯನ್ನು ತನ್ನ ಮನೆಯಿಂದ ತರುತ್ತಾನೆಯೇ? ಸಾಧ್ಯವಾದಷ್ಟನ್ನು ಸರಕಿನ ಬೆಲೆಗೇ ಸೇರಿಸುತ್ತಾನೆ. ಸೆರಗಿನ ಗಂಟು ಬಿಚ್ಚಿ ನಗದು ಎಣಿಸುವ ಅಜ್ಜಿಗೂ ಅದೇ ಬೆಲೆ. ಕಾರ್ಡಿನವರಿಗಾದರೋ ಬ್ಯಾಂಕು ಬಹುಮಾನದ ಅಂಕಗಳನ್ನು ಕೊಡುತ್ತದೆ. ಆ ಅಂಕಗಳಲ್ಲಿ ಅಜ್ಜಿಯ ದುಡ್ಡೂ ಒಂದಿಷ್ಟು ಸೇರಿರುತ್ತದೆ. (ಅಂಕ ಕೂಡಿಸುವ ನನ್ನ ಮಗಳು ಇದನ್ನು ಓದಿ ಮುನಿಸಿಕೊಳ್ಳದಿರಲಿ.)

ನಗದು ಕೊಡುವವರಿಗೆ ಆ ಎರಡು ರೂಪಾಯಿಯನ್ನು ಬಿಡಬಾರದೇಕೆಂದು ಶಿಷ್ಯನನ್ನು ಕೇಳಿದೆ. ಆತ ನಕ್ಕ. "ಕೇಳಿದವರಿಗೆ ಬಿಡುತ್ತೇನೆ ಮೇಷ್ಟ್ರೇ. ಆದರೆ ಅಂಥವರು ಕೇಳುವುದೇ ಇಲ್ಲ."