ಹಳೆಯ ಲಾರಿಯ ಎಂಜಿನ್ನು ಆಗಾಗ್ಗೆ ತಾನಾಗಿ ರೇಸಾಗುವ ದೋಷ

ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ತಾಲ್ಲೂಕುಗಳ ಗ್ರಾಮ ಮುಖಂಡರಿಗೂ ಜಮೀನುದಾರರಿಗೂ ಲಾರಿಯ ವಿಷಯವಾಗಿ ಬರೆಯುವುದು ಕೃಷಿ ಪತ್ರಿಕೆಗೆ ಹೊರತಾದುದೆಂದು ಕೆಲವರು ಎಣಿಸಬಹುದು. ಆದರೆ ಟೊಮೆಟೊವನ್ನು ಕೋಲಾರದ ಮಾರುಕಟ್ಟೆಗೂ, ಮಾವನ್ನು ಶ್ರೀನಿವಾಸಪುರದ ಮಂಡಿಗಳಿಗೂ, ಮಾಲೂರಿನ ತರಕಾರಿಯನ್ನು ಬೆಂಗಳೂರಿಗೂ ಹೊತ್ತೊಯ್ಯುವುದು ಈಗ ಎತ್ತಿನ ಗಾಡಿಯಲ್ಲ. ಎತ್ತು ಕುಂಟಿದರೆ ಒಡನೆ ಗೊರಸನ್ನು ಎತ್ತಿ ನೋಡುವ ನಾವು, ಲಾರಿಯ ಬೇನೆಯನ್ನು ಮಾತ್ರ ಡ್ರೈವರನ ಪಾಲಿಗೆ ಬಿಟ್ಟಿದ್ದೇವೆ. ಇದು ಯುಕ್ತವಲ್ಲವೆಂದು ನನ್ನ ಅಭಿಪ್ರಾಯ.

ಇಪ್ಪತ್ತು ಇಪ್ಪತ್ತೈದು ವರ್ಷ ದುಡಿದ ಡೀಸೆಲ್ ಲಾರಿಗಳಲ್ಲಿ ಕಾಣಬರುವ ದೋಷಗಳಲ್ಲಿ ಇದೊಂದು. ಆಕ್ಸಿಲೇಟರಿನಿಂದ ಕಾಲು ತೆಗೆದು, ಗೇರನ್ನು ನ್ಯೂಟ್ರಲ್ಲಿಗೆ ತಂದರೂ ಎಂಜಿನ್ನು ಇಳಿಯದೆ ರೇಸಾಗಿಯೇ ನಿಲ್ಲುತ್ತದೆ. ನಿಮಿಷಕ್ಕೆ ಸುಮಾರು 600ರಿಂದ 800 ಸುತ್ತು ತಿರುಗತಕ್ಕದ್ದು (ನಿಷ್ಕೃಷ್ಟವಾದ ಅಂಕಿಯು ಆಯಾ ವಾಹನದ ಕೈಪಿಡಿಯಲ್ಲಿರುತ್ತದೆ) 1,200 ಅಥವಾ 1,500ಕ್ಕೆ ಏರಿರುತ್ತದೆ. ಸ್ವಲ್ಪ ಹೊತ್ತಿಗೆ, ಇಲ್ಲವೆ ಮಾರನೆಯ ದಿನ, ಏನೂ ನಡೆಯದಂತೆ ಸರಿಹೋಗುತ್ತದೆ. ಗ್ಯಾರೇಜಿಗೆ ಒಯ್ದಾಗ ದೋಷವು ಕಾಣುವುದೇ ಇಲ್ಲ. ಮೆಕ್ಯಾನಿಕ್ಕನು ಪಂಪಿನ ಸ್ಲೋ ಸ್ಕ್ರೂವನ್ನು ಅರ್ಧ ಸುತ್ತು ತಿರುಗಿಸಿ, ವೇಗವನ್ನು ತಗ್ಗಿಸಿ ಕಳುಹಿಸುತ್ತಾನೆ. ಈ ಸ್ಕ್ರೂ ತಿರುಗಿಸುವ ಪದ್ಧತಿಯನ್ನೇ ನಾನು ಆಕ್ಷೇಪಿಸುವುದು.

ಮಾವಿನ ಸುಗ್ಗಿಯಲ್ಲಿ ನಾನು ಕಂಡ ಒಂದು ಲಾರಿಗೆ ಹೀಗೆ ಮೂರು ಸಲ ಸ್ಕ್ರೂ ತಿರುಗಿಸಿದ್ದರು. ಕಡೆಗೊಂದು ದಿನ ಹಣ್ಣಿನ ಹೊರೆಯೊಡನೆ ಇಳಿಜಾರಿನಲ್ಲಿ ನಿಧಾನಿಸಿದಾಗ ಎಂಜಿನ್ನು ನಿಂತೇಹೋಯಿತು. ಸ್ಟೀರಿಂಗು ಕಲ್ಲಿನಂತೆ ಬಿಗಿಯಿತು. ಡ್ರೈವರನ ಜಾಣ್ಮೆಯಿಂದ ಲಾರಿಯು ಬದುವಿಗೆ ತಗುಲಿ ನಿಂತಿತು, ಯಾರಿಗೂ ಅಪಾಯವಾಗಲಿಲ್ಲ. ಆಮೇಲೆ ಬಿಚ್ಚಿ ನೋಡಿದರೆ, ಆಕ್ಸಿಲೇಟರ್ ಕೇಬಲ್ಲಿನ ಒಳತಂತಿಯಲ್ಲಿ ಒಂದು ಎಳೆ ಹರಿದು, ಪೆಡಲನ್ನು ಪೂರ್ತಿ ಒತ್ತಿ ಬಿಟ್ಟಾಗ ಮಾತ್ರ ಹೊರಕವಚದಲ್ಲಿ ಸಿಕ್ಕಿಕೊಳ್ಳುತ್ತಿತ್ತು. ಕಪಿಲೆಯ ಹಗ್ಗವು ಸವೆದು ರಾಟೆಯಲ್ಲಿ ಸಿಕ್ಕುತ್ತಿದ್ದುದನ್ನು ಕಂಡ ಹಿರಿಯರಿಗೆ ಇದು ಸುಲಭವಾಗಿ ಅರ್ಥವಾದೀತು. ದಿಣ್ಣೆ ಹತ್ತುವಾಗಲ್ಲದೆ ಯಾರೂ ಪೆಡಲನ್ನು ಪೂರ್ತಿ ಒತ್ತುವುದಿಲ್ಲ. ಆದಕಾರಣವೇ ಸಮನೆಲದ ಗ್ಯಾರೇಜಿನಲ್ಲಿ ದೋಷವು ತಲೆಮರೆಸಿಕೊಂಡಿತ್ತು.

ಸ್ಲೋ ಸ್ಕ್ರೂ ಎಂಬುದು ಪಂಪಿನ ಲಿವರು ಹಿಂದಿರುಗಿ ಬಂದು ಒರಗುವ ಒಂದು ಗೂಟ. ಲಿವರೇ ಗೂಟದವರೆಗೆ ಬಾರದಿದ್ದರೆ, ಗೂಟವನ್ನು ಸರಿಸಿ ಫಲವೇನು? ದೋಷವು ಇದ್ದಂತೆಯೇ ಇರುವುದು. ದೋಷವಿಲ್ಲದ ಹೊತ್ತಿನಲ್ಲಿ ಎಂಜಿನ್ನು ಸಾಯುವುದು. ಆದುದರಿಂದ ರೇಸಾಗಿರುವಾಗಲೇ, ಬೇರೇನನ್ನೂ ಮುಟ್ಟುವುದಕ್ಕೆ ಮುಂಚೆ, ಚಕ್ರಗಳಿಗೆ ಕಲ್ಲು ಕೊಟ್ಟು, ಹ್ಯಾಂಡ್ ಬ್ರೇಕ್ ಹಾಕಿ, ಲಿವರು ಸ್ಕ್ರೂವಿಗೆ ತಗುಲಿದೆಯೇ ಎಂದು ನೋಡತಕ್ಕದ್ದು. ತಗುಲಿಲ್ಲವಾದರೆ ಕೇಬಲ್ಲನ್ನು ಪಂಪಿನ ಕಡೆ ಕಳಚಬೇಕು. ಆಗ ವೇಗವು ಇಳಿದರೆ ದೋಷವು ಪಂಪಿನದಲ್ಲ. ಕೇಬಲ್ಲು, ಪೆಡಲಿನ ಗಂಟು, ಎಳೆಯುವ ಸ್ಪ್ರಿಂಗು ಇವುಗಳಲ್ಲೊಂದರದು. ನಮ್ಮ ಕೆಂಪು ಮಣ್ಣಿನ ಧೂಳು ಎಣ್ಣೆಯೊಡನೆ ಕಲೆತು ಈ ಗಂಟುಗಳಲ್ಲಿ ಅಂಟಿನಂತೆ ಕೂರುತ್ತದೆ. ಪೆಡಲಿನ ಕೆಳಗೆ ಮಡಿಚಿ ಹಾಸಿದ ಗೋಣಿತಟ್ಟೇ ಕಾರಣವಾಗಿದ್ದುದೂ ಉಂಟು! ಕೇಬಲ್ಲಿಗೆ ಬದಲಾಗಿ ಕಬ್ಬಿಣದ ಸರಳಿರುವ ಲಾರಿಗಳಲ್ಲಿ ಎಂಜಿನ್ನಿನ ರಬ್ಬರ್ ಮೌಂಟಿಂಗ್ ಸವೆದಿದ್ದರೆ, ಭಾರ ಎಳೆಯುವಾಗ ಎಂಜಿನ್ನು ಓಲಿ ಸರಳನ್ನು ತಾನೇ ಎಳೆಯುವುದುಂಟು.

ಲಿವರು ಸ್ಕ್ರೂವಿಗೆ ಒರಗಿದ್ದೂ ವೇಗವು ಇಳಿಯದಿದ್ದರೆ ದೋಷವು ಗವರ್ನರಿನಲ್ಲಿರಬಹುದು. ಕೆಲವು ಹಳೆಯ ಎಂಜಿನ್ನುಗಳ ಗವರ್ನರು ಗಾಳಿಯ ಸೆಳೆತದಿಂದ ನಡೆಯತಕ್ಕದ್ದು. ಅದರ ಸಣ್ಣ ಕೊಳವೆ ಬಿರಿದರೂ, ಒಳಗಿನ ಡಯಾಫ್ರಮ್ ಹರಿದರೂ ಡೀಸೆಲ್ಲು ಹೆಚ್ಚಾಗಿ ಹರಿದು ಎಂಜಿನ್ನು ಏರುತ್ತದೆ. ಕೊಳವೆಯನ್ನು ನಾವೇ ಪರೀಕ್ಷಿಸಬಹುದು. ಪಂಪಿನ ಒಡಲನ್ನು ಮಾತ್ರ ಮನೆಯಲ್ಲಿ ಬಿಚ್ಚಕೂಡದು. 1951ರಲ್ಲಿ ಸ್ಥಾಪಿತವಾಗಿ 2008ರಲ್ಲಿ ಬಾಷ್ ಎಂಬ ಹೆಸರನ್ನು ತಾಳಿದ ಮೈಕೋ ಸಂಸ್ಥೆಯ ಪಂಪುಗಳು ನಮ್ಮ ಸೀಮೆಗೆ ಚಿರಪರಿಚಿತ. ಅಂಥವನ್ನು ಅಳತೆಯ ಬೆಂಚಿನ ಮೇಲೆ ಕೂರಿಸಿಯೇ ಸರಿಪಡಿಸಬೇಕು. ಕಂಪ್ಯೂಟರಿನಿಂದ ನಡೆಯುವ ಹೊಸ ವಾಹನಗಳ ಕ್ರಮವೇ ಬೇರೆ.

ಡ್ರೈವರನು ದೂರು ಹೇಳಿದಾಗ "ಹೇಗೋ ಈ ಲೋಡು ಮುಗಿಸು" ಎಂದು ಗದರಿಸುವ ಮಾಲೀಕರು ನಮ್ಮಲ್ಲಿ ಕಡಮೆಯಿಲ್ಲ. ನಾನೂ ಹಾಗೆ ಗದರಿಸಿದವನೇ. ಅದರ ಬದಲು, ಎಂಜಿನ್ನು ಕಾದಿತ್ತೇ, ದಿಣ್ಣೆ ಹತ್ತಿದ ಮೇಲೆಯೇ, ಕಾಲಿನಿಂದ ಪೆಡಲನ್ನು ಮೇಲಕ್ಕೆತ್ತಿದರೆ ಇಳಿಯಿತೇ ಎಂದು ಕೇಳಿ ಬರೆದಿಟ್ಟುಕೊಂಡರೆ ಮೆಕ್ಯಾನಿಕ್ಕನಿಗೆ ಅರ್ಧ ಕೆಲಸ ಮುಗಿದಂತೆ.

ಒಂದು ಸಂದರ್ಭದಲ್ಲಿ ಮಾತ್ರ ವಿಚಾರಣೆಗೆ ಅವಕಾಶವಿಲ್ಲ. ಎಂಜಿನ್ನು ತನ್ನ ಆಯಿಲನ್ನೇ ಗಾಳಿಯೊಡನೆ ಸೆಳೆದು ಉರಿಸಲಾರಂಭಿಸಿದರೆ, ದಟ್ಟವಾದ ನೀಲಿ ಇಲ್ಲವೆ ಬಿಳಿಯ ಹೊಗೆಯೊಡನೆ ವೇಗವು ಏರುತ್ತಲೇ ಹೋಗುವುದು; ಸ್ಟಾಪ್ ಕೇಬಲ್ಲನ್ನು ಎಳೆದರೂ ನಿಲ್ಲದು. ನಿಂತಿರುವ ಲಾರಿಯಾದರೆ ಬ್ರೇಕನ್ನು ಬಲವಾಗಿ ಒತ್ತಿ, ಮೇಲಿನ ಗೇರಿಗೆ ಹಾಕಿ, ಕ್ಲಚ್ಚನ್ನು ಬಿಟ್ಟು ಎಂಜಿನ್ನನ್ನು ಉಸಿರು ಕಟ್ಟಿಸಬೇಕು; ಅಥವಾ ಗಾಳಿ ಹೋಗುವ ಬಾಯಿಗೆ ಹಲಗೆಯನ್ನು ಒತ್ತಿ ಹಿಡಿಯಬೇಕು, ಬರಿಗೈಯನ್ನು ಎಂದಿಗೂ ಅಲ್ಲ. ಅದಕ್ಕೂ ಮುಂಚೆ ಮಂಡಿಯ ಹಮಾಲರನ್ನು ಲಾರಿಯ ಮುಂದಿನಿಂದಲೂ ಎಂಜಿನ್ನಿನ ಪಕ್ಕದಿಂದಲೂ ದೂರಕ್ಕೆ ಓಡಿಸತಕ್ಕದ್ದು.