ಬೆತ್ತ ಬಿಡಿಸುವವರನ್ನು ಅಳೆಯುವವರು ಯಾರು?

ದಂಡಂ ದಶಗುಣಂ ಎಂಬ ಮಾತನ್ನು ಕೇಳುತ್ತಲೇ ಬೆಳೆದ ತಲೆಮಾರು ನಮ್ಮದು. ಲೆಕ್ಕ ತಪ್ಪಿದರೆ ಅಂಗೈಗೆ ಬೆತ್ತ, ತಡವಾದರೆ ಬಾಗಿಲ ಹೊರಗೆ ಮೊಣಕಾಲೂರಿ ಕೂರುವ ಶಿಕ್ಷೆ. ಇವೆರಡರ ರುಚಿಯನ್ನೂ ಕಾಣದೆ ಊರಿನ ಶಾಲೆ ದಾಟಿದವರು ನಮ್ಮಲ್ಲಿ ವಿರಳ. ಇಂದು ನಮ್ಮ ಮಕ್ಕಳು ದೆಹಲಿಯಲ್ಲೋ ಮುಂಬಯಿಯಲ್ಲೋ ಓದುತ್ತಿದ್ದಾರೆ. ಕಾನೂನು ಅವರ ಪರವಾಗಿದೆ. ದೈಹಿಕ ಶಿಕ್ಷೆಗೆ ಅವಕಾಶವಿತ್ತಿದ್ದ ದೆಹಲಿಯ ಶಾಲಾ ನಿಯಮವನ್ನು ಅಲ್ಲಿನ ಉಚ್ಚ ನ್ಯಾಯಾಲಯವು 2000ದ ಡಿಸೆಂಬರಿನಲ್ಲಿ ರದ್ದುಪಡಿಸಿತು. 2009ರ ಶಿಕ್ಷಣ ಹಕ್ಕು ಕಾಯಿದೆಯ 17ನೆಯ ಪ್ರಕರಣವು ದೈಹಿಕ ಶಿಕ್ಷೆಯ ಜೊತೆಗೆ ಮಾನಸಿಕ ಕಿರುಕುಳವನ್ನೂ ನಿಷೇಧಿಸಿತು.

ಕಾನೂನು ಶಿಕ್ಷಕನ ಕೈಯಿಂದ ಬೆತ್ತವನ್ನು ಕಸಿಯಬಲ್ಲದು. ಬರಿಗೈಯಲ್ಲಿ ತರಗತಿಯನ್ನು ನಡೆಸುವ ಬಗೆಯನ್ನು ಅದು ಕಲಿಸಲಾರದು. ಆ ಹೊಣೆ ತರಬೇತಿಯದು. ನಮ್ಮ ದೇಶದಲ್ಲಿ ತರಬೇತಿಯೆಂದರೆ ಮೇಲಿನಿಂದ ಕೆಳಗಿಳಿಯುವ ಮೆಟ್ಟಿಲು. ಮೇಲೆ ಕೆಲವರು ಸಂಪನ್ಮೂಲ ವ್ಯಕ್ತಿಗಳು ಸಿದ್ಧರಾಗುತ್ತಾರೆ, ಅವರು ಜಿಲ್ಲೆಯವರಿಗೆ ಹೇಳುತ್ತಾರೆ, ಜಿಲ್ಲೆಯವರು ಶಿಕ್ಷಕರಿಗೆ. 2019ರ ಆಗಸ್ಟಿನಲ್ಲಿ ಆರಂಭವಾದ ‘ನಿಷ್ಠಾ’ ಯೋಜನೆ ಸುಮಾರು 42 ಲಕ್ಷ ಮಂದಿಯನ್ನು ತಲುಪುವ ಗುರಿ ಹೊಂದಿತ್ತು. ಸುರಕ್ಷಿತ ಶಾಲಾ ಪರಿಸರವೂ ಅದರ ಪಾಠಗಳಲ್ಲೊಂದು. ಇಷ್ಟು ದೊಡ್ಡ ದೇಶಕ್ಕೆ ಮೆಟ್ಟಿಲು ಅನಿವಾರ್ಯವೆಂದೇ ಇಟ್ಟುಕೊಳ್ಳೋಣ. ಆದರೆ ಒಂದೊಂದು ಮನೆಯಲ್ಲೂ ಒಂದೊಂದು ಲೋಟ ನೀರು ಬೆರೆತ ಹಾಲು ಕೊನೆಯ ಮನೆ ತಲುಪಿದಾಗ ಹೇಗಿದೆಯೆಂದು ನೋಡುವವರು ಬೇಡವೆ?

ಕೆಲವು ವರ್ಷಗಳ ಹಿಂದೆ ಕಚೇರಿಯ ಕೆಲಸದ ಮೇಲೆ ನಾವು ಇಂಥದೊಂದು ಶಿಬಿರಕ್ಕೆ ಹೋಗಬೇಕಾಯಿತು. ದಂಡನೆಯಿಲ್ಲದ ಶಿಸ್ತು ಅಂದಿನ ವಿಷಯ. ತಡವಾಗಿ ಬಂದ ಮೂವರು ಶಿಕ್ಷಕಿಯರನ್ನು ತರಬೇತುದಾರರು ಬಾಗಿಲಲ್ಲೇ ನಿಲ್ಲಿಸಿ, ಎಲ್ಲರೆದುರು ಕಾರಣ ಹೇಳಿಸಿದರು. ಅನಂತರ ಪರದೆಯ ಮೇಲೆ ಮೂಡಿದ ಮೊದಲ ವಾಕ್ಯ: ಮಗುವನ್ನು ಎಲ್ಲರ ಮುಂದೆ ಅವಮಾನಿಸಬಾರದು. ಸಭೆಯಲ್ಲಿ ಯಾರೂ ನಗಲಿಲ್ಲ. ಪುರಾಣ ಹೇಳುವುದಕ್ಕೆ, ಬದನೆಕಾಯಿ ತಿನ್ನುವುದಕ್ಕೆ ಎಂಬುದು ಅಲ್ಲಿದ್ದವರಿಗೆಲ್ಲ ಅಭ್ಯಾಸವಾಗಿತ್ತು. ಸಂಜೆ ತುಂಬಿಸಿಕೊಂಡ ಅಭಿಪ್ರಾಯ ಪತ್ರಗಳಲ್ಲಿ ಎಲ್ಲರೂ ‘ಉತ್ತಮ’ ಎಂದು ಗುರುತು ಹಾಕಿದ್ದರು. ಹಾಜರಿ ಪಟ್ಟಿ, ಛಾಯಾಚಿತ್ರ, ಊಟದ ಬಿಲ್ಲು ಎಲ್ಲವೂ ಕಡತ ಸೇರಿದವು. ‘ತೃಪ್ತಿಕರ’ ಎಂದು ಟಿಪ್ಪಣಿ ಬರೆದು ಸಹಿ ಹಾಕಿದವರು ನಾವೇ.

ಆ ತರಬೇತುದಾರರು ಕೆಟ್ಟವರೆಂದು ನಾವು ಹೇಳುತ್ತಿಲ್ಲ. ಅವರೂ ಒಂದು ಶಾಲೆಯಿಂದ ಬಿಡುಗಡೆಗೊಂಡು ಬಂದ ಶಿಕ್ಷಕರು. ಕೆಲವೇ ದಿನ ಕೇಳಿದ್ದನ್ನು ಇನ್ನೊಬ್ಬರಿಗೆ ದಾಟಿಸುವುದಷ್ಟೇ ಅವರಿಗೆ ಒಪ್ಪಿಸಿದ ಕೆಲಸ. ಅವರು ಅದನ್ನು ತಮ್ಮ ತರಗತಿಯಲ್ಲಿ ಮಾಡಿ ನೋಡಿದ್ದರೇ ಎಂದು ಯಾರೂ ಕೇಳಿರಲಿಲ್ಲ. ನಾವೂ ಕೇಳಲಿಲ್ಲ. ನಮ್ಮ ನಮೂನೆಯಲ್ಲಿ ಆ ಪ್ರಶ್ನೆಗೆ ಅಂಕಣವೇ ಇರಲಿಲ್ಲ.

ಅಮೆರಿಕದ ಅನೇಕ ಶಾಲೆಗಳಲ್ಲಿ ಪಿಬಿಐಎಸ್ ಎಂಬ ಶಿಸ್ತಿನ ಕ್ರಮವಿದೆ. ಅದು ಸರಿಯಾಗಿ ನಡೆದಿದೆಯೇ ಎಂದು ಅಳೆಯುವ ‘ಟಿಯರ್ಡ್ ಫಿಡೆಲಿಟಿ ಇನ್ವೆಂಟರಿ’ ಎಂಬ ಸಾಧನದಲ್ಲಿ ಪರಿಶೀಲಕರು ಶಾಲೆಯೊಳಗೆ ನಡೆದಾಡಿ, ಸಿಕ್ಕ ಕೆಲವು ಮಕ್ಕಳನ್ನೇ ಮಾತನಾಡಿಸುತ್ತಾರೆ. ಇಲ್ಲಿನ ನಿಯಮಗಳೇನು? ಈ ಎರಡು ತಿಂಗಳಲ್ಲಿ ನಿನ್ನ ಒಳ್ಳೆಯ ನಡತೆಯನ್ನು ಯಾರಾದರೂ ಮೆಚ್ಚಿಕೊಂಡರೇ? ಆ ಪದ್ಧತಿಯ ಬಹುಮಾನದ ಚೀಟಿಗಳು ನಮಗೆ ಬೇಕಾಗಿಲ್ಲ. ಅದನ್ನು ಟೀಕಿಸುವವರು ಅಲ್ಲಿಯೂ ಇದ್ದಾರೆ. ಆದರೆ ತರಬೇತಿಯ ಗುಣವನ್ನು ಮಗುವಿನ ಬಾಯಿಂದ ತಿಳಿಯುವ ಆ ವಿವೇಕ ಬೇಕು.

ನಮ್ಮ ಸಲಹೆ ಸರಳವಾಗಿದೆ. ತರಬೇತುದಾರರಾಗುವವರು ತಮ್ಮ ತರಗತಿಯಲ್ಲಿ ಪಾಠ ಮಾಡುವುದನ್ನು ಮೊದಲು ಇನ್ನೊಬ್ಬರು ಕುಳಿತು ನೋಡಲಿ. ಶಿಬಿರ ಮುಗಿದ ಒಂದು ತಿಂಗಳಿಗೆ, ಮತ್ತೆ ಮೂರು ತಿಂಗಳಿಗೆ ಅವರೇ ಶಿಕ್ಷಕರ ಶಾಲೆಗೆ ಹೋಗಲಿ. ಆ ಭೇಟಿ ಕರ್ತವ್ಯವೆನಿಸಲಿ, ಪ್ರಯಾಣ ಭತ್ಯೆಯೂ ಸಿಗಲಿ. ಹೆಸರು ಬರೆದುಕೊಳ್ಳದೆ, ಶಿಕ್ಷಕರ ಅನುಪಸ್ಥಿತಿಯಲ್ಲಿ ಮಕ್ಕಳನ್ನು ಕೇಳಲಿ. ಉತ್ತರ ಸಮಾಧಾನ ತರದಿದ್ದರೆ ಶಿಕ್ಷಕರಿಗೆ ನೋಟೀಸು ಕೊಡುವ ಮೊದಲು ತರಬೇತಿಯನ್ನು ತಿದ್ದಲಿ.

ಇದೂ ಇನ್ನೊಂದು ತಪಾಸಣೆಯಾಗಿಬಿಡುತ್ತದೆ, ಈಗಲೇ ಹೊರೆ ಹೊತ್ತ ಶಿಕ್ಷಕರನ್ನು ಹೆದರಿಸುತ್ತದೆ ಎಂಬ ಆಕ್ಷೇಪವಿದೆ. ಪ್ರಾಥಮಿಕ ಹಂತದಲ್ಲಿ 30 ಮಕ್ಕಳಿಗೊಬ್ಬ ಶಿಕ್ಷಕ ಎಂಬ ಕಾಯಿದೆಯ ಮಾತು ಎಲ್ಲೆಡೆ ನಿಜವಾಗಿಲ್ಲದಿರುವಾಗ ಈ ಅಳುಕು ನ್ಯಾಯವಾದದ್ದೇ. ಆದ್ದರಿಂದಲೇ ಹೊಸ ಹೊರೆ ಬೇಡ. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಶಿಕ್ಷಕರ ವೃತ್ತಿ ವಿಕಾಸಕ್ಕೆ ವರ್ಷಕ್ಕೆ 50 ಗಂಟೆಗಳನ್ನು ಹೇಳಿದೆ. ಅದರಲ್ಲಿ 10 ಗಂಟೆ ಅವರ ತರಗತಿಯಲ್ಲೇ, ಒಬ್ಬ ಸಹೃದಯ ನೋಡುಗರ ಜೊತೆ ಕಳೆಯಲಿ. ಒಂದು ವರ್ಷಕ್ಕೆ ತರಬೇತಾದವರ ಸಂಖ್ಯೆ ಇಳಿಯಬಹುದು. ಇಳಿಯಲಿ.

ಹೊರನಾಡಿನ ಪೋಷಕರಾದ ನಮಗೂ ಇದರಲ್ಲಿ ಪಾಲಿದೆ. ಸರ್ಕಾರಿ ಮತ್ತು ಅನುದಾನಿತ ಶಾಲೆಗಳ ನಿರ್ವಹಣಾ ಸಮಿತಿಯಲ್ಲಿ ನಾಲ್ಕರಲ್ಲಿ ಮೂರು ಪಾಲು ಪೋಷಕರಿರಬೇಕೆಂದು ಅದೇ ಶಿಕ್ಷಣ ಹಕ್ಕು ಕಾಯಿದೆ ಹೇಳುತ್ತದೆ. ಭಾಷೆ ಬೇರೆ, ನಾಳೆ ವರ್ಗಾವಣೆಯಾದೀತು ಎಂಬ ನೆಪ ಹೇಳಿ ನಾವು ಅಲ್ಲಿ ಹಿಂದಿನ ಸಾಲಿನಲ್ಲಿ ಕೂರುತ್ತೇವೆ. ಎಷ್ಟು ಶಿಕ್ಷಕರಿಗೆ ತರಬೇತಿಯಾಯಿತು ಎಂದು ಕೇಳಿ ಸುಮ್ಮನಾಗುವುದು ಸುಲಭ. ಆ ಬಳಿಕ ಯಾರಾದರೂ ತರಗತಿಗೆ ಬಂದು ನೋಡಿದರೇ, ಮಕ್ಕಳನ್ನು ಕೇಳಿದರೇ ಎಂಬುದು ನಾವು ಕೇಳಬೇಕಾದ ಪ್ರಶ್ನೆ. ‘ತೃಪ್ತಿಕರ’ ಎಂದು ಬರೆದ ಕೈಗಳೇ ಅದನ್ನು ಮೊದಲು ಎತ್ತುವುದು ಉಚಿತ.