ಹಸಿರು ಬದುಕು ಮತ್ತು ಅನರ್ಥದಂಡ ವ್ರತ

ಧಾರ್ಮಿಕ ಸಮಾರಂಭದ ವೇದಿಕೆಯಲ್ಲಿ ಒಂದು ಸಸಿಗೆ ನೀರೆರೆದು ಛಾಯಾಚಿತ್ರ ತೆಗೆಸಿಕೊಳ್ಳುವುದು ಈಗ ರೂಢಿಯಾಗಿದೆ. ಸಸಿಗೆ ನೀರೆರೆದ ಕೈಗಳೇ ಅರ್ಧ ಗಂಟೆಯ ಬಳಿಕ ಭೋಜನಶಾಲೆಯಲ್ಲಿ ಅರೆಬರೆ ಕುಡಿದ ನೀರಿನ ಬಾಟಲಿಯನ್ನು ಮೂಲೆಗೆಸೆಯುತ್ತವೆ. ಅಲ್ಲಿ ಬಡಿಸಿದ ಅಡುಗೆಯಲ್ಲಿ ಕಂದಮೂಲದ ಲೇಶವೂ ಇರದು. ಸೂರ್ಯಾಸ್ತದೊಳಗೆ ಪಂಕ್ತಿಯೂ ಮುಗಿದಿರುತ್ತದೆ. ಇಷ್ಟಕ್ಕೇ ಅಹಿಂಸೆಯ ಪಾಲನೆ ಪೂರ್ಣವಾಯಿತೆಂದು ಸಮಾಧಾನಪಡುವವರು ಬಹಳ ಮಂದಿ. ಈ ಸಮಾಧಾನಕ್ಕೆ ಶಾಸ್ತ್ರದ ಆಧಾರವಿಲ್ಲ.

ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಗೃಹಸ್ಥನಿಗೆ ವಿಧಿಸಿದ ಮೂರು ಗುಣವ್ರತಗಳಲ್ಲಿ ಅನರ್ಥದಂಡ ವ್ರತವೂ ಒಂದು. ಪ್ರಯೋಜನವಿಲ್ಲದೆ ನಡೆಯುವ ಹಿಂಸೆಯಿಂದ ದೂರ ಸರಿಯುವುದೇ ಆ ವ್ರತ. ಅನರ್ಥದಂಡದ ಐದು ಬಗೆಗಳಲ್ಲಿ ಪ್ರಮಾದಚರ್ಯೆ ಎಂಬುದೊಂದು. ನಿಷ್ಕಾರಣವಾಗಿ ನೆಲ ಅಗೆಯುವುದು, ನೀರು ಚೆಲ್ಲುವುದು, ಬೆಂಕಿ ಉರಿಸುವುದು, ಗಾಳಿ ಬೀಸುವುದು, ಗಿಡ ಕಡಿಯುವುದು, ಗುರಿಯಿಲ್ಲದೆ ಅಲೆಯುವುದು ಇವೆಲ್ಲವೂ ಅದರೊಳಗೆ ಸೇರುತ್ತವೆ. ಪೃಥ್ವಿ, ಜಲ, ಅಗ್ನಿ, ವಾಯು, ವನಸ್ಪತಿಗಳು ಏಕೇಂದ್ರಿಯ ಜೀವಗಳ ಕಾಯಗಳೆಂದು ನಂಬಿದ ಧರ್ಮಕ್ಕೆ ಇದು ಸಹಜವಾದ ನಿಯಮ. ಯಾರೂ ಇಲ್ಲದ ಕೋಣೆಯಲ್ಲಿ ತಿರುಗುವ ಫ್ಯಾನು, ಹಲ್ಲುಜ್ಜುವಾಗ ಸುರಿಯುತ್ತಲೇ ಇರುವ ನಲ್ಲಿ, ಎರಡು ಬೀದಿಯಾಚೆಯ ಅಂಗಡಿಗೂ ಹೊರಡುವ ಕಾರು, ಇವು ಇಂದಿನ ಪ್ರಮಾದಚರ್ಯೆಗಳು. ‘ಪರಿಸರಸ್ನೇಹಿ’ ಎಂಬ ಪದ ಹೊಸದು. ಅದು ಹೇಳುವ ಕರ್ತವ್ಯ ಶ್ರಾವಕನಿಗೆ ಹೊಸದಲ್ಲ. ಡಾ. ಎಲ್. ಎಂ. ಸಿಂಘ್ವಿಯವರು ಸಿದ್ಧಪಡಿಸಿದ, ಪ್ರಕೃತಿಯನ್ನು ಕುರಿತ ಜೈನ ಘೋಷಣೆಯನ್ನು 1990ರ ಅಕ್ಟೋಬರ್‌ನಲ್ಲಿ ಲಂಡನ್ನಿನ ಅರಮನೆಯಲ್ಲಿ ರಾಜಕುಮಾರ ಫಿಲಿಪ್ ಅವರಿಗೆ ಅರ್ಪಿಸಲಾಯಿತು. ಅಂದು ಜಗತ್ತಿಗೆ ಸಾರಿದ ಮಾತು ಜೈನ ಮನೆಗಳ ಬಚ್ಚಲಿಗೆ ಇನ್ನೂ ತಲುಪಿದಂತಿಲ್ಲ.

ಹಸಿರಾಗಿ ಕಾಣುವುದೆಲ್ಲ ಹಸಿರು ಬದುಕಲ್ಲ ಎಂಬುದಕ್ಕೆ ಮಾಗಡಿ ಸೀಮೆ ಸಾಕ್ಷಿಯಾಗಿದೆ. ಆ ತಾಲ್ಲೂಕಿನ ತಿಪ್ಪಸಂದ್ರದ ಹೆಸರಿನಲ್ಲಿಯೇ ನೀರಿದೆ. ‘ಸಂದ್ರ’ವೆಂಬುದು ‘ಸಮುದ್ರ’ದ ತದ್ಭವ, ಹಿಂದಿನವರು ದೊಡ್ಡ ಕೆರೆಗಳಿಗೆ ಇಟ್ಟ ಹೆಸರು. ಕೆರೆ ಕಟ್ಟಿ ಊರು ಹೂಡಿದ ಈ ಬಯಲುನಾಡಿಗೆ 1980ರ ದಶಕದಲ್ಲಿ ಸಾಮಾಜಿಕ ಅರಣ್ಯದ ಹೆಸರಿನಲ್ಲಿ ನೀಲಗಿರಿ ಬಂದಿತು. ಬೆಂಗಳೂರಿನ ಸುತ್ತಲೂ ಕೋಲಾರದ ಕಡೆಯೂ ರಾಗಿಯ ಹೊಲಗಳು ತೋಪುಗಳಾದವು. ಕಣ್ಣಿಗೆ ಹಸಿರು ಕಂಡಿತು. ಬೇರುಗಳು ಮಾತ್ರ ನೆಲದಾಳದ ತೇವವನ್ನು ಹೀರಿದವು. ಕೊನೆಗೆ 2017ರಲ್ಲಿ ರಾಜ್ಯ ಸರ್ಕಾರವೇ ನೀಲಗಿರಿ ನೆಡುವುದನ್ನು ನಿಷೇಧಿಸಬೇಕಾಯಿತು.

ಅರ್ಕಾವತಿ ಮತ್ತು ಕುಮುದ್ವತಿ ನದಿಗಳು ಕೂಡುವಲ್ಲಿ 1933ರಲ್ಲಿ ಸಿದ್ಧವಾದ ತಿಪ್ಪಗೊಂಡನಹಳ್ಳಿ ಜಲಾಶಯವು ದಶಕಗಳ ಕಾಲ ಬೆಂಗಳೂರಿಗೆ ನೀರುಣಿಸಿತು. ನೀಲಗಿರಿ ತೋಪುಗಳು, ಲೆಕ್ಕವಿಲ್ಲದ ಕೊಳವೆ ಬಾವಿಗಳು, ಹಳ್ಳಕೊಳ್ಳಗಳ ಒತ್ತುವರಿ ಇವುಗಳಿಂದ ಒಳಹರಿವು ಕುಗ್ಗಿತು. ಬಂದಷ್ಟು ನೀರಿಗೂ ಕೊಳಚೆ ಸೇರಿತು. 2012ರ ಹೊತ್ತಿಗೆ ಅಲ್ಲಿಂದ ನಗರಕ್ಕೆ ಪೂರೈಕೆ ನಿಂತುಹೋಯಿತು. ಜಲಾಶಯವನ್ನು ಕೆಡಿಸಬೇಕೆಂದು ಯಾರೂ ಸಂಕಲ್ಪಿಸಿರಲಿಲ್ಲ. ಪ್ರತಿಯೊಬ್ಬರೂ ತಮ್ಮ ಪಾಲಿಗಿಂತ ತುಸು ಹೆಚ್ಚು ತೆಗೆದರು, ಯಾರೂ ಮರಳಿಸಲಿಲ್ಲ, ಅಷ್ಟೇ. ಮೂಲಧನವನ್ನೇ ಲಾಭವೆಂದು ಹಂಚಿಕೊಂಡ ಅಂಗಡಿಯ ಗತಿ ಇದೇ.

ಮರಳಿಸುವ ಈ ಮಾತು ಜೈನರಿಗೆ ಚೆನ್ನಾಗಿ ತಿಳಿದಿರಬೇಕು. ನೀರನ್ನು ಬಟ್ಟೆಯಲ್ಲಿ ಸೋಸಿ ಕುಡಿಯಬೇಕೆಂಬ ನಿಯಮದ ಜೊತೆಗೆ, ಬಟ್ಟೆಯಲ್ಲಿ ಉಳಿದ ಸೂಕ್ಷ್ಮಜೀವಿಗಳನ್ನು ನೀರು ಸೇದಿದ ಬಾವಿಗೇ ಮೆಲ್ಲನೆ ಬಿಡಬೇಕೆಂಬ ನಿಯಮವೂ ಇದೆ. ಸೋಸುವ ಅರ್ಧ ಉಳಿಯಿತು. ಮರಳಿಸುವ ಅರ್ಧ ಮರೆತುಹೋಯಿತು. ಈಗ ಬಟ್ಟೆಯ ಸ್ಥಾನಕ್ಕೆ ಆರ್.ಓ. ಯಂತ್ರ ಬಂದಿದೆ. ಸಾಮಾನ್ಯ ಯಂತ್ರವೊಂದು ಒಂದು ಲೀಟರ್ ಕುಡಿಯುವ ನೀರು ಕೊಡುವಾಗ ಸುಮಾರು ಮೂರು ಲೀಟರನ್ನು ಹೊರಬಿಡುತ್ತದೆ. ದಿನಕ್ಕೆ 15 ಲೀಟರ್ ಬಳಸುವ ಮನೆಯಲ್ಲಿ 45 ಲೀಟರ್ ಮೋರಿಗೆ ಹೋಗುತ್ತದೆ. ವರ್ಷಕ್ಕೆ 16,000 ಲೀಟರಿಗೂ ಮಿಗಿಲು. ಅದನ್ನು ಹಿಡಿದಿಟ್ಟರೆ ನೆಲ ಒರೆಸಲು, ಶೌಚಾಲಯಕ್ಕೆ ಒದಗುತ್ತದೆ. ಇನ್ನು ಮಳೆಯ ಲೆಕ್ಕ: ಒಂದು ಚದರ ಮೀಟರ್ ಚಾವಣಿಯ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ವರ್ಷಕ್ಕೆ 800 ಮಿಲಿಮೀಟರ್ ಮಳೆಯಾಗುವ ಊರಿನಲ್ಲಿ 100 ಚದರ ಮೀಟರ್ ಚಾವಣಿಗೆ 80,000 ಲೀಟರ್ ಬೀಳುತ್ತದೆ. ಅದರಲ್ಲಿ ಅರ್ಧವನ್ನು ತೊಟ್ಟಿಗೋ ಇಂಗುಗುಂಡಿಗೋ ಇಳಿಸಿದರೂ ಟ್ಯಾಂಕರಿನ ಖರ್ಚು ತಗ್ಗುತ್ತದೆ, ಕೊಳವೆ ಬಾವಿಯ ಸಾಲವೂ ಒಂದಿಷ್ಟು ತೀರುತ್ತದೆ.

ಅಡುಗೆಮನೆಯ ಸಿಪ್ಪೆಯನ್ನು ಗೊಬ್ಬರ ಮಾಡಿದರೆ ಅದರಲ್ಲಿ ಹುಳುಗಳು ಹುಟ್ಟಿ ಸಾಯುತ್ತವೆ, ಅದು ಹಿಂಸೆಯಲ್ಲವೇ ಎಂದು ಕೆಲವು ಶ್ರದ್ಧಾವಂತರು ಆಕ್ಷೇಪಿಸುತ್ತಾರೆ. ಪ್ರಶ್ನೆ ಪ್ರಾಮಾಣಿಕವಾದುದು. ಆದರೆ ಅದೇ ಸಿಪ್ಪೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಬೀದಿಗಿಟ್ಟರೆ ಹುಳುಗಳು ಹುಟ್ಟದಿರುವುದಿಲ್ಲ. ಜೊತೆಗೆ ಆ ಚೀಲವನ್ನೇ ನುಂಗಿದ ಹಸು ನರಳಿ ಸಾಯುತ್ತದೆ. ಹಿಂಸೆ ಕಣ್ಣಿಗೆ ಬೀಳದಷ್ಟು ದೂರ ಹೋದುದರಿಂದ ಪಾಪ ದೂರವಾಗದು. ಆಕ್ಷೇಪಿಸುವವರು ಮೊದಲು ಮಿತವಾಗಿ ಬೇಯಿಸಿ ಎಲೆಯಲ್ಲಿ ಉಳಿಸದಿರಲಿ. ಉಳಿದ ಸಿಪ್ಪೆಯನ್ನು ಹಸಿಯಾಗಿರುವಾಗಲೇ ದನಕ್ಕೆ ಹಾಕಲಿ. ಹಾಗೆ ಮಾಡಿದಲ್ಲಿ ಅವರ ಆಕ್ಷೇಪಕ್ಕೆ ಬೆಲೆ ಬರುತ್ತದೆ.

ಕಾರ್ಖಾನೆಗಳು ಕೆಡಿಸುತ್ತಿರುವಾಗ ಒಂದು ಮನೆಯ ಸಂಯಮದಿಂದ ಏನಾದೀತು ಎಂಬುದು ಇನ್ನೊಂದು ವಾದ. ಕಾರ್ಖಾನೆಯ ಸರಕು ಕೊನೆಗೆ ಮಾರಾಟವಾಗುವುದು ಮನೆಗಳಿಗೇ. ಅಲ್ಲದೆ, ನೆರೆಯವನು ಸುಳ್ಳು ಹೇಳುತ್ತಾನೆಂದು ಸತ್ಯಾಣುವ್ರತವನ್ನು ಬಿಟ್ಟ ಶ್ರಾವಕನನ್ನು ಯಾರೂ ಮೆಚ್ಚರು.

ಹಸಿರು ಬದುಕಿನಿಂದ ಹಣ ಉಳಿಯುವುದು ನಿಜ. ಉಳಿದ ಹಣದಿಂದ ಬೇಡದ ವಸ್ತುವನ್ನು ಕೊಂಡರೆ ಉಳಿತಾಯವೇ ಹೊಸ ಹಿಂಸೆಗೆ ಬಂಡವಾಳವಾಗುತ್ತದೆ. ‘ಹಸಿರು’ ಎಂಬ ಚೀಟಿ ಅಂಟಿಸಿದ ಸರಕಾದರೂ ಅಷ್ಟೇ. ಆದುದರಿಂದ ಈ ಬದುಕು ಪರಿಗ್ರಹ ಪರಿಮಾಣದ ಆಸರೆಯಿಲ್ಲದೆ ನಿಲ್ಲಲಾರದು.

ಕರ್ನಾಟಕದಲ್ಲಿ 2016ರಲ್ಲಿ, ಇಡೀ ದೇಶದಲ್ಲಿ 2022ರ ಜುಲೈ 1ರಂದು ಪ್ಲಾಸ್ಟಿಕ್ ತಟ್ಟೆ ಲೋಟಗಳಿಗೆ ನಿಷೇಧ ಬಂದಿತು. ದಂಡಕ್ಕೆ ಹೆದರಿ ಬಿಡುವುದು ಕಾನೂನಿನ ಪಾಲನೆ; ಅರಿತು ಬಿಡುವುದು ವ್ರತ. ಬರುವ ದಶಲಕ್ಷಣ ಪರ್ವದಲ್ಲಿ ಪ್ರತಿ ಬಸದಿಯ ಭೋಜನಶಾಲೆಗೆ ತೊಳೆದು ಬಳಸುವ ಸ್ಟೀಲ್ ತಟ್ಟೆ ಲೋಟಗಳೂ, ಸೋಸಿದ ನೀರಿನ ಹಂಡೆಯೂ ಬರಲಿ. ವೇದಿಕೆಯ ಸಸಿ ಆ ಬಳಿಕ ಬಂದರೆ ಸಾಕು.